ಭೂಕಂಪ ಮತ್ತು ಆರ್‌ಸಿಸಿ ಕಟ್ಟಡಗಳ ವಿನ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಕಟ್ಟಿಸುವವರು, ಫ್ಲ್ಯಾಟ್ ಕೊಳ್ಳಲು ಹೊರಟವರು, ಕಾಲೇಜು ಮುಗಿಸಿ ಹೊಸದಾಗಿ ಸೈಟಿಗೆ ಇಳಿದ ಎಂಜಿನಿಯರುಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಇಲ್ಲಿನ ಅಂಕಿಗಳು ಮುಖ್ಯವಾಗಿ ಭಾರತೀಯ ಮಾನಕ ಬ್ಯೂರೋದ ಎರಡು ಸಂಹಿತೆಗಳ 2016ರ ಆವೃತ್ತಿಯಿಂದ ಬಂದವು. ಭೂಕಂಪದ ಬಲವನ್ನು ಲೆಕ್ಕ ಹಾಕುವ ವಿಧಾನವನ್ನು ಐಎಸ್ 1893ರ ಮೊದಲ ಭಾಗ ಹೇಳುತ್ತದೆ; ಆ ಬಲವನ್ನು ತಾಳಿಕೊಳ್ಳುವಂತೆ ಕಬ್ಬಿಣವನ್ನು ಹೇಗೆ ಕಟ್ಟಬೇಕೆಂಬುದನ್ನು ಐಎಸ್ 13920 ಹೇಳುತ್ತದೆ. ಸಂಹಿತೆಗಳು ಆಗಾಗ ಪರಿಷ್ಕರಣೆಗೊಳ್ಳುವುದರಿಂದ, ವಿನ್ಯಾಸ ಮಾಡುವ ಹೊತ್ತಿಗೆ ಜಾರಿಯಲ್ಲಿರುವ ಆವೃತ್ತಿಯನ್ನೇ ನೋಡಬೇಕು.

ಭೂಕಂಪ ನಿರೋಧಕ ಕಟ್ಟಡ ಎಂದರೆ ಭೂಕಂಪದಲ್ಲಿ ಬಿರುಕೇ ಬಿಡದ ಕಟ್ಟಡವೇ?

ಅಲ್ಲ. ಸಣ್ಣ ಕಂಪನಕ್ಕೆ ಕಟ್ಟಡಕ್ಕೆ ಏನೂ ಆಗಬಾರದು, ಮಧ್ಯಮ ಕಂಪನಕ್ಕೆ ಗೋಡೆ ಗಾರೆ ಬಿರುಕು ಬಿಟ್ಟರೂ ಕಂಬ ತೊಲೆಗಳು ದುರಸ್ತಿಗೆ ಬರುವಂತಿರಬೇಕು, ಅಪರೂಪದ ಭಾರೀ ಕಂಪನಕ್ಕೆ ಕಟ್ಟಡ ಕೆಟ್ಟರೂ ಕುಸಿಯದೆ ಒಳಗಿರುವವರು ಜೀವಸಹಿತ ಹೊರಬರುವಂತಿರಬೇಕು. ಸಾಮಾನ್ಯ ವಾಸದ ಕಟ್ಟಡಕ್ಕೆ ಸಂಹಿತೆ ಕೊಡುವ ಭರವಸೆ ಇಷ್ಟೇ. ನೂರಾರು ವರ್ಷಕ್ಕೊಮ್ಮೆ ಬರಬಹುದಾದ ಕಂಪನಕ್ಕೆ ಗೆರೆಯೂ ಬೀಳದ ಮನೆಯನ್ನು ಕಟ್ಟುವುದು ಅಸಾಧ್ಯವೇನಲ್ಲ, ಆದರೆ ಅದಕ್ಕೆ ತಗಲುವ ಖರ್ಚನ್ನು ಯಾರೂ ಒಪ್ಪಲಾರರು. ಕಂಪನದ ನಂತರವೂ ಕೆಲಸ ಮಾಡಲೇಬೇಕಾದ ಆಸ್ಪತ್ರೆ, ಶಾಲೆ ಮುಂತಾದ ಕಟ್ಟಡಗಳಿಗೆ ವಿನ್ಯಾಸದ ಬಲವನ್ನು ಒಂದೂವರೆ ಪಟ್ಟು ಹೆಚ್ಚಿಸಿಕೊಳ್ಳಬೇಕೆಂಬ ನಿಯಮ ಇರುವುದು ಇದೇ ಕಾರಣಕ್ಕೆ.

ಆರ್‌ಸಿಸಿ ಕಟ್ಟಡ ಗಟ್ಟಿಯಲ್ಲವೇ? ಬೀಳುವುದು ಹಳೆಯ ಮಣ್ಣಿನ ಮನೆಗಳಲ್ಲವೇ?

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಸಂಭವಿಸಿದ ಭೂಕಂಪದ ನೆನಪಿನಿಂದ ಈ ನಂಬಿಕೆ ನಮ್ಮಲ್ಲಿ ಬೇರೂರಿದೆ. ಅಲ್ಲಿ ಸತ್ತ ಸಾವಿರಾರು ಜನರ ಮೇಲೆ ಬಿದ್ದದ್ದು ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆಗಳು. ಆದರೆ ಎಂಟು ವರ್ಷದೊಳಗೆ, 2001ರ ಜನವರಿ 26ರ ಬೆಳಿಗ್ಗೆ 8.46ಕ್ಕೆ, ಕಛ್‌ನಲ್ಲಿ 7.7ರ ಪ್ರಮಾಣದ ಭೂಕಂಪವಾದಾಗ, ಕೇಂದ್ರದಿಂದ 200 ಕಿಲೋಮೀಟರಿಗೂ ದೂರದಲ್ಲಿದ್ದ ಅಹಮದಾಬಾದಿನಲ್ಲಿ ಹತ್ತಾರು ಆರ್‌ಸಿಸಿ ಅಪಾರ್ಟ್‌ಮೆಂಟುಗಳು ನೆಲಕಚ್ಚಿದವು. ಅವುಗಳಲ್ಲಿ ಹಲವು ಹೊಸವು, ನೋಡಲು ಗಟ್ಟಿಮುಟ್ಟಾಗಿದ್ದವು.

ಬಿದ್ದ ಕಟ್ಟಡಗಳಲ್ಲಿ ಒಂದೇ ಬಗೆಯ ದೋಷಗಳು ಮತ್ತೆ ಮತ್ತೆ ಕಂಡುಬಂದವು. ನೆಲಮಹಡಿಯಲ್ಲಿ ಕಾರು ನಿಲ್ಲಿಸಲು ಗೋಡೆಗಳಿಲ್ಲದೆ ಬರೀ ಕಂಬಗಳಿದ್ದವು, ಮೇಲಿನ ಮಹಡಿಗಳಲ್ಲಿ ಇಟ್ಟಿಗೆ ಗೋಡೆಗಳು ತುಂಬಿದ್ದವು. ಮೇಲಿನ ಮಹಡಿಗಳನ್ನು ನೆಲಮಹಡಿಯ ಅಂಚಿಗಿಂತ ಹೊರಕ್ಕೆ ಚಾಚಿ, ಆ ಚಾಚಿದ ತೊಲೆಯ ತುದಿಯ ಮೇಲೆ ಕಂಬ ನಿಲ್ಲಿಸಿದ್ದರು. ಅಡಿಪಾಯಕ್ಕೆ ತಲುಪದ ಈ ಕಂಬಗಳನ್ನು ನಮ್ಮವರು ತೇಲುವ ಕಂಬ ಎನ್ನುತ್ತಾರೆ. ಲಿಫ್ಟಿನ ಸುತ್ತಲಿನ ಕಾಂಕ್ರೀಟ್ ಗೋಡೆ ಇದ್ದರೂ ಅದು ಉಳಿದ ಚೌಕಟ್ಟಿಗೆ ಸರಿಯಾಗಿ ಬೆಸೆದಿರಲಿಲ್ಲ. ಕಂಬಗಳೊಳಗೆ ನೆಟ್ಟನೆಯ ರಾಡುಗಳನ್ನು ಸುತ್ತಿ ಕಟ್ಟುವ ಕಬ್ಬಿಣದ ರಿಂಗುಗಳು ತೆಳುವಾಗಿದ್ದವು, ದೂರದೂರ ಇದ್ದವು, ಅವುಗಳ ಕೊಕ್ಕೆಗಳು ಬಿಚ್ಚಿಕೊಂಡಿದ್ದವು.

ಈ ಪಟ್ಟಿಯನ್ನು ಓದಿದ ಮೇಲೆ ನಮ್ಮೂರಿನ ಯಾವುದಾದರೂ ಹೊಸ ಬಡಾವಣೆಯಲ್ಲಿ ಒಮ್ಮೆ ಸುತ್ತಾಡಿ ಬಂದರೆ ನಾನೇಕೆ ಅಹಮದಾಬಾದಿನ ಮಾತನ್ನು ಇಷ್ಟು ಎಳೆಯುತ್ತಿದ್ದೇನೆಂಬುದು ತಿಳಿಯುತ್ತದೆ.

ಕರ್ನಾಟಕದಲ್ಲಿ ಭೂಕಂಪದ ಚಿಂತೆ ಬೇಕೇ? ನಮ್ಮೂರು ಯಾವ ವಲಯದಲ್ಲಿದೆ?

2016ರ ಸಂಹಿತೆ ದೇಶವನ್ನು 2ರಿಂದ 5ರವರೆಗೆ ನಾಲ್ಕು ವಲಯಗಳಾಗಿ ವಿಂಗಡಿಸಿ, ಅವುಗಳಿಗೆ ಕ್ರಮವಾಗಿ 0.10, 0.16, 0.24 ಮತ್ತು 0.36 ಎಂಬ ವಲಯಾಂಕ ಕೊಟ್ಟಿದೆ. ಅದರಂತೆ ಬೆಂಗಳೂರು, ಮೈಸೂರು, ತುಮಕೂರು, ರಾಯಚೂರು, ಕಲಬುರಗಿ 2ನೇ ವಲಯದಲ್ಲಿವೆ. ಮಂಗಳೂರು, ಕಾರವಾರ, ಧಾರವಾಡ, ಬೆಳಗಾವಿ, ವಿಜಯಪುರ 3ನೇ ವಲಯದಲ್ಲಿವೆ. ಅಹಮದಾಬಾದು ಕೂಡ 3ನೇ ವಲಯದಲ್ಲಿಯೇ ಇದೆ. ಮಂಗಳೂರಿಗೂ ಧಾರವಾಡಕ್ಕೂ ಯಾವ ಅಂಕವೋ ಅದೇ ಅಂಕ.

ವಲಯದ ನಕ್ಷೆಯನ್ನು ಅತಿಯಾಗಿ ನಂಬಿ ಮಲಗುವುದೂ ಸರಿಯಲ್ಲ. ಕಿಲ್ಲಾರಿ ಅಂದಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಕಡಿಮೆ ಅಪಾಯದ 1ನೇ ವಲಯದಲ್ಲಿತ್ತು. 2002ರ ಪರಿಷ್ಕರಣೆಯಲ್ಲಿ ಆ 1ನೇ ವಲಯವನ್ನೇ ತೆಗೆದುಹಾಕಲಾಯಿತು. 1967ರ ಡಿಸೆಂಬರಿನಲ್ಲಿ ಕೊಯ್ನಾ ನಡುಗಿದಾಗಲೂ, ಗಟ್ಟಿ ಬಂಡೆಯ ದಖ್ಖನ್ ಪ್ರಸ್ಥಭೂಮಿಗೆ ಭೂಕಂಪದ ಭಯವಿಲ್ಲವೆಂಬ ಹಳೆಯ ಮಾತು ಸುಳ್ಳಾಗಿತ್ತು. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ಮೇಲಿಂದ ಮೇಲೆ ಬಂದ ಸಣ್ಣ ಕಂಪನಗಳಿಗೆ ಹೆದರಿ ಮನೆಯ ಹೊರಗೆ ರಾತ್ರಿ ಕಳೆದದ್ದು ಅನೇಕರಿಗೆ ನೆನಪಿರಬಹುದು. ನಮ್ಮಲ್ಲಿ ಅಪಾಯ ಹಿಮಾಲಯದಷ್ಟಿಲ್ಲ. ಹಾಗೆಂದು ಇಲ್ಲವೇ ಇಲ್ಲ ಎನ್ನಲಾಗದು.

ಕಟ್ಟಡದ ಮೇಲೆ ಬರುವ ಬಲವನ್ನು ಹೇಗೆ ಲೆಕ್ಕ ಹಾಕುತ್ತಾರೆ?

ಭೂಕಂಪ ಕಟ್ಟಡವನ್ನು ಹೊರಗಿನಿಂದ ತಳ್ಳುವುದಿಲ್ಲ. ನಿಂತ ಬಸ್ಸು ತಟ್ಟನೆ ಹೊರಟಾಗ ನಿಂತಿದ್ದವರು ಹಿಂದಕ್ಕೆ ವಾಲುವಂತೆ, ನೆಲ ಸರಿದಾಗ ಕಟ್ಟಡದ ಸ್ವಂತ ಭಾರವೇ ಅದರ ಮೇಲೆ ಬಲವಾಗಿ ಬರುತ್ತದೆ. ಆದ್ದರಿಂದ ಭಾರ ಹೆಚ್ಚಿದಷ್ಟೂ ಬಲ ಹೆಚ್ಚು. ತಾರಸಿಯ ಮೇಲೆ ಮನಸ್ಸಿಗೆ ಬಂದಂತೆ ಮಣ್ಣು ತುಂಬಿ ಕೈತೋಟ ಮಾಡುವವರು ಇದನ್ನು ನೆನಪಿಡುವುದು ಒಳ್ಳೆಯದು.

ಒಂದು ಲೆಕ್ಕ ಮಾಡಿ ನೋಡೋಣ. ಮಂಗಳೂರಿನಲ್ಲಿ 12 ಮೀಟರ್ ಉದ್ದ, 12 ಮೀಟರ್ ಅಗಲ, 12 ಮೀಟರ್ ಎತ್ತರದ, ಪಾರ್ಕಿಂಗ್ ಮೇಲೆ ಮೂರು ಮಹಡಿಯ ಕಟ್ಟಡವಿದೆ, ಅದರ ತೂಕ ಸುಮಾರು 700 ಟನ್ ಎಂದುಕೊಳ್ಳಿ. ಇಂಥ ಕಟ್ಟಡ ಒಂದು ಸಲ ಅತ್ತಿತ್ತ ತೂಗಲು ತೆಗೆದುಕೊಳ್ಳುವ ಕಾಲ, ಸಂಹಿತೆಯ ಸೂತ್ರದಂತೆ, ಸುಮಾರು 0.31 ಸೆಕೆಂಡು. ಇಷ್ಟು ಗಿಡ್ಡ ಕಟ್ಟಡಕ್ಕೆ ನೆಲದ ಕಂಪನ ಎರಡೂವರೆ ಪಟ್ಟು ಹಿಗ್ಗಿ ತಲುಪುತ್ತದೆ. ಮಂಗಳೂರಿನ ವಲಯಾಂಕವಾದ 0.16ರ ಅರ್ಧವನ್ನು ಎರಡೂವರೆಯಿಂದ ಗುಣಿಸಿದರೆ 0.20. ಅಂದರೆ ಕಟ್ಟಡ ಎಲ್ಲಿಯೂ ಕೆಡದೆ ನಿಲ್ಲಬೇಕಾದರೆ ತನ್ನ ತೂಕದ ಐದನೇ ಒಂದು ಭಾಗವನ್ನು, ಎಂದರೆ 140 ಟನ್ ಬಲವನ್ನು, ಅಡ್ಡಲಾಗಿ ತಾಳಬೇಕು.

ಆದರೆ ಸಂಹಿತೆ 140 ಟನ್ನಿಗೆ ವಿನ್ಯಾಸ ಮಾಡಿ ಎನ್ನುವುದಿಲ್ಲ. ಐಎಸ್ 13920ರಂತೆ ಕಬ್ಬಿಣ ಕಟ್ಟುವುದಾದರೆ ಆ ಬಲವನ್ನು 5ರಿಂದ ಭಾಗಿಸಿ 28 ಟನ್ನಿಗೆ ವಿನ್ಯಾಸ ಮಾಡಿದರೆ ಸಾಕು ಎನ್ನುತ್ತದೆ. ಉಳಿದ 112 ಟನ್ ಎಲ್ಲಿ ಹೋಯಿತು? ಎಲ್ಲಿಗೂ ಹೋಗಿಲ್ಲ. ಭೂಕಂಪದ ದಿನ ಅದು ಬಂದೇ ಬರುತ್ತದೆ. ವಸ್ತುಗಳಲ್ಲಿ ಹೇಗೂ ಇರುವ ಒಂದಿಷ್ಟು ಹೆಚ್ಚುವರಿ ಶಕ್ತಿ ಮತ್ತು ಕಟ್ಟಡ ಮುರಿಯದೆ ಬಾಗಬಲ್ಲ ಗುಣ, ಇವೆರಡೇ ಅದಕ್ಕೆ ಉತ್ತರ ಕೊಡಬೇಕು. ಕಂಪ್ಯೂಟರಿನಲ್ಲಿ 5 ಎಂದು ತುಂಬಿಸಿ, ಸೈಟಿನಲ್ಲಿ ರಿಂಗುಗಳನ್ನು ಹಳೆಯ ಪದ್ಧತಿಯಂತೆಯೇ ಕಟ್ಟಿಸಿದರೆ, ಐದರಲ್ಲಿ ನಾಲ್ಕು ಪಾಲು ಬಲಕ್ಕೆ ಉತ್ತರವೇ ಇಲ್ಲದ ಕಟ್ಟಡ ಎದ್ದು ನಿಲ್ಲುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಕಟ್ಟಡ ಕಸುಬಿನ ಅತಿ ದೊಡ್ಡ ಸುಳ್ಳು ಈ 5 ಎಂಬ ಅಂಕಿಯಲ್ಲಿದೆ.

ಬೆಂಗಳೂರಿನಲ್ಲಿ ಐಎಸ್ 13920ರ ಈ ವಿಶೇಷ ಪದ್ಧತಿ ಕಡ್ಡಾಯವೇ?

3, 4, 5ನೇ ವಲಯಗಳಲ್ಲಿ ಕಡ್ಡಾಯ, 2ನೇ ವಲಯದಲ್ಲಿ ಐಚ್ಛಿಕ. ಆದರೆ ಇಲ್ಲೊಂದು ಸ್ವಾರಸ್ಯವಿದೆ. ಬೆಂಗಳೂರಿನಲ್ಲಿ ಸಾಧಾರಣ ಪದ್ಧತಿಯಂತೆ ಕಬ್ಬಿಣ ಕಟ್ಟಿದರೆ ಭಾಗಿಸಲು ಸಿಗುವ ಅಂಕಿ 3 ಮಾತ್ರ. ಅದೇ 700 ಟನ್ನಿನ ಕಟ್ಟಡಕ್ಕೆ ಆಗ ಬರುವ ಬಲ ಸುಮಾರು 29 ಟನ್, ಅಂದರೆ ಮಂಗಳೂರಿನ 28 ಟನ್ನಿಗಿಂತ ಒಂದು ಕೈ ಹೆಚ್ಚೇ. ಬೆಂಗಳೂರಿನಲ್ಲೂ ವಿಶೇಷ ಪದ್ಧತಿಯನ್ನೇ ಹಿಡಿದರೆ ಅದು ಸುಮಾರು 17.5 ಟನ್ನಿಗೆ ಇಳಿಯುತ್ತದೆ. ಐಚ್ಛಿಕವೆಂದು ಕೈಬಿಡುವ ಮುನ್ನ ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ ಎಂದು ಕಿರಿಯ ಎಂಜಿನಿಯರುಗಳಿಗೆ ನಾನು ಹೇಳುತ್ತಿರುತ್ತೇನೆ.

ಬಾಗುವ ಗುಣ ಎಂದರೇನು? ಕಾಂಕ್ರೀಟ್ ಹೇಗೆ ಬಾಗುತ್ತದೆ?

ಸೀಮೆಸುಣ್ಣವನ್ನು ಬಾಗಿಸಿದರೆ ಪಟ್ಟನೆ ಮುರಿಯುತ್ತದೆ. ಸೆಂಟ್ರಿಂಗ್‌ನವರ ಬೈಂಡಿಂಗ್ ವೈರನ್ನು ಎಷ್ಟು ಸಲ ಅತ್ತಿತ್ತ ಬಾಗಿಸಿದರೂ ಬೇಗ ತುಂಡಾಗುವುದಿಲ್ಲ. ಬರೀ ಕಾಂಕ್ರೀಟ್ ಸೀಮೆಸುಣ್ಣದ ಜಾತಿಗೆ ಸೇರಿದ್ದು, ಕಬ್ಬಿಣ ವೈರಿನ ಜಾತಿಗೆ. ಎರಡನ್ನೂ ಕೂಡಿಸುವಾಗ ಕಬ್ಬಿಣ ಮೊದಲು ಹಿಗ್ಗುವಂತೆ, ಕಾಂಕ್ರೀಟ್ ಮೊದಲು ಪುಡಿಯಾಗದಂತೆ ನೋಡಿಕೊಂಡರೆ ಇಡೀ ತೊಲೆ ವೈರಿನ ಗುಣ ಪಡೆಯುತ್ತದೆ. ಇದನ್ನು ತನ್ಯತೆ ಎನ್ನುತ್ತಾರೆ, ಸೈಟಿನಲ್ಲಿ ಎಲ್ಲರೂ ಡಕ್ಟಿಲಿಟಿ ಎಂದೇ ಕರೆಯುತ್ತಾರೆ.

ಎಲ್ಲಿ ಬಾಗಬೇಕೆಂಬುದನ್ನು ಮೊದಲೇ ತೀರ್ಮಾನಿಸಿ, ಅಲ್ಲಿ ಬಾಗುವುದಕ್ಕೆ ತಕ್ಕ ಏರ್ಪಾಡು ಮಾಡಿ, ಉಳಿದ ಕಡೆ ಅದಕ್ಕಿಂತ ಹೆಚ್ಚಿನ ಶಕ್ತಿ ಕೊಡುವ ವಿಚಾರವನ್ನು ಒಂದು ಶಿಸ್ತಾಗಿ ಬೆಳೆಸಿದವರಲ್ಲಿ ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ರಾಬರ್ಟ್ ಪಾರ್ಕ್ ಮತ್ತು ಥಾಮಸ್ ಪೌಲೆ ಪ್ರಮುಖರು. ಬಾಗಬೇಕಾದ್ದು ತೊಲೆಯ ತುದಿ, ಕಂಬವಲ್ಲ. ತೊಲೆ ಕೆಟ್ಟರೆ ಒಂದು ಅಂಕಣದ ಸ್ಲ್ಯಾಬು ಜಗ್ಗಬಹುದು, ಕಂಬ ಕೆಟ್ಟರೆ ಮೇಲಿನ ಎಲ್ಲ ಮಹಡಿಗಳೂ ಒಂದರ ಮೇಲೊಂದು ದೋಸೆ ಪೇರಿಸಿದಂತೆ ಕೂರುತ್ತವೆ. ಹಾಗಾಗಿ ಕಂಬ ತೊಲೆಗಳು ಸಂಧಿಸುವ ಒಂದೊಂದು ಕೂಡುವಿನಲ್ಲಿ ಸೇರುವ ಕಂಬಗಳ ಒಟ್ಟು ಬಾಗು ಶಕ್ತಿ ಅಲ್ಲಿ ಸೇರುವ ತೊಲೆಗಳ ಒಟ್ಟು ಶಕ್ತಿಯ ಕನಿಷ್ಠ 1.4 ಪಟ್ಟು ಇರಬೇಕು ಎಂಬುದು 2016ರ ನಿಯಮ.

ಹಾಗಾದರೆ ಬೀಮಿಗೆ ಎರಡು ರಾಡು ಹೆಚ್ಚು ಹಾಕಿಸಿದರೆ ಒಳ್ಳೆಯದೇ ಅಲ್ಲವೇ?

ಮನೆ ಮಾಲೀಕರು ಪ್ರೀತಿಯಿಂದ ಮಾಡುವ ತಪ್ಪು ಇದು. ಡ್ರಾಯಿಂಗಿನಲ್ಲಿ ಮೂರು ರಾಡಿದ್ದ ಕಡೆ ‘ಗಟ್ಟಿಯಾಗಿರಲಿ’ ಎಂದು ಐದು ಹಾಕಿಸಿದರೆ ತೊಲೆ ಕಂಬಕ್ಕಿಂತ ಬಲವಾಗಿಬಿಡುತ್ತದೆ, ಆಗ ಮೊದಲು ಕೆಡುವ ಸರದಿ ಕಂಬದ್ದು. ರಾಡು ವಿಪರೀತ ತುರುಕಿದರೆ ಅದು ಹಿಗ್ಗುವ ಮೊದಲೇ ಕಾಂಕ್ರೀಟ್ ಪುಡಿಯಾಗುವ ಅಪಾಯವೂ ಇದೆ. ರಾಡಿನ ದರ್ಜೆಯ ವಿಷಯದಲ್ಲೂ ಇದೇ ಮಾತು. ಗಡಸುತನವೊಂದನ್ನೇ ನೋಡಬಾರದು, ತುಂಡಾಗುವ ಮುನ್ನ ಕನಿಷ್ಠ 14.5 ಶೇಕಡಾ ಹಿಗ್ಗುವಂತಿರಬೇಕು. ಅಂಗಡಿಯಲ್ಲಿ 500 ಎಂದಷ್ಟೇ ಕೇಳದೆ ‘500 ಡಿ’ ಎಂದು ಕೇಳಿ.

ರಿಂಗುಗಳ ಬಗ್ಗೆ ಎಂಜಿನಿಯರುಗಳು ಅಷ್ಟೊಂದು ಜಗಳವಾಡುವುದೇಕೆ?

ಕಂಬದ ನೆಟ್ಟನೆಯ ರಾಡುಗಳನ್ನು ಸುತ್ತುವರಿದು ಕಟ್ಟುವ ರಿಂಗು ಮೂರು ಕೆಲಸ ಮಾಡುತ್ತದೆ. ಕಂಬ ಓರೆಯಾಗಿ ಸೀಳದಂತೆ ತಡೆಯುತ್ತದೆ, ರಾಡುಗಳು ಹೊರಕ್ಕೆ ಉಬ್ಬದಂತೆ ಹಿಡಿಯುತ್ತದೆ, ಒಳಗಿನ ಕಾಂಕ್ರೀಟ್ ಪುಡಿಯಾದರೂ ಚೀಲದಲ್ಲಿ ತುಂಬಿದ ಅಕ್ಕಿಯಂತೆ ಅದು ಚೆಲ್ಲದೆ ಭಾರ ಹೊರುವಂತೆ ಬಿಗಿದಿಡುತ್ತದೆ. ಮೂರನೆಯದೇ ಭೂಕಂಪದಲ್ಲಿ ಪ್ರಾಣ ಉಳಿಸುವ ಕೆಲಸ.

ಇದಕ್ಕೆ ನನಗೆ ಗೊತ್ತಿರುವ ಅತಿ ಸ್ಪಷ್ಟ ಸಾಕ್ಷಿ 1971ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಫರ್ನಾಂಡೋ ಭೂಕಂಪದಲ್ಲಿ ಕೆಟ್ಟ ಆಲಿವ್ ವ್ಯೂ ಆಸ್ಪತ್ರೆಯದು. ಆಗಷ್ಟೇ ಕಟ್ಟಿ ಮುಗಿದಿದ್ದ ಆ ಕಟ್ಟಡದ ಕೆಳಮಹಡಿ ಪಕ್ಕಕ್ಕೆ ವಾಲಿಬಿಟ್ಟಿತು. ಒತ್ತೊತ್ತಾಗಿ ಸುರುಳಿ ಸುತ್ತಿದ್ದ ಕಂಬಗಳ ಹೊರಮೈ ಕಾಂಕ್ರೀಟ್ ಪೂರ್ತಿ ಉದುರಿ, ಕಂಬ ಕಣ್ಣಿಗೆ ರಾಚುವಷ್ಟು ಓರೆಯಾಗಿದ್ದರೂ ಮೇಲಿನ ಮಹಡಿಗಳನ್ನು ಹೊತ್ತೇ ನಿಂತಿತು. ಅದೇ ಕಟ್ಟಡದ ಮೂಲೆಯಲ್ಲಿ, ದೂರದೂರ ರಿಂಗು ಹಾಕಿದ್ದ ಕಂಬಗಳು ಚೂರುಚೂರಾದವು. ಕಂಪನ ಒಂದೇ, ಕಟ್ಟಡ ಒಂದೇ, ಬೇರೆಯಾದದ್ದು ಸುತ್ತಿದ ಕಬ್ಬಿಣ ಮಾತ್ರ.

ಸಂಹಿತೆಯ ಪ್ರಕಾರ ಕಂಬದ ಎರಡೂ ತುದಿಯಲ್ಲಿ, ಕಂಬದ ದೊಡ್ಡ ಅಳತೆ, ಅದರ ತೆರವು ಎತ್ತರದ ಆರನೇ ಒಂದು ಭಾಗ ಅಥವಾ 450 ಮಿಲಿಮೀಟರ್, ಇವುಗಳಲ್ಲಿ ಯಾವುದು ಹೆಚ್ಚೋ ಅಷ್ಟು ಉದ್ದಕ್ಕೆ ರಿಂಗುಗಳು ಹತ್ತಿರಹತ್ತಿರ ಬರಬೇಕು. ಅವುಗಳ ನಡುವಿನ ಅಂತರ 100 ಮಿಲಿಮೀಟರನ್ನು ಯಾವ ಕಾರಣಕ್ಕೂ ಮೀರಬಾರದು. ಕಂಬದ ಕಿರಿಯ ಅಳತೆಯ ಕಾಲು ಭಾಗ ಅಥವಾ ಸಣ್ಣ ರಾಡಿನ ವ್ಯಾಸದ ಆರು ಪಟ್ಟು ಇನ್ನೂ ಕಡಿಮೆಯಾದರೆ ಅದನ್ನೇ ಪಾಲಿಸಬೇಕು.

135 ಡಿಗ್ರಿ ಕೊಕ್ಕೆ ಎಂದರೇನು?

ರಿಂಗಿನ ಎರಡು ತುದಿಗಳು ಸೇರುವಲ್ಲಿ ಬಾರ್ ಬೆಂಡರುಗಳು ಸಾಮಾನ್ಯವಾಗಿ 90 ಡಿಗ್ರಿಗೆ ಬಾಗಿಸಿ ಬಿಡುತ್ತಾರೆ, ಏಕೆಂದರೆ ಹಾಗೆ ಬಾಗಿಸಿದ ರಿಂಗನ್ನು ತೊಡಿಸುವುದು ಸಲೀಸು. ಆ ಬಾಲ ಕಂಬದ ಹೊರಮೈಗೆ ಸಮಾನಾಂತರವಾಗಿ, ರಿಂಗಿನ ಹೊರಗಿನ ತೆಳು ಪದರವಾದ ಕವರ್ ಕಾಂಕ್ರೀಟಿನ ಆಸರೆಯಲ್ಲಿ ಮಾತ್ರ ಇರುತ್ತದೆ. ಭೂಕಂಪದಲ್ಲಿ ಮೊದಲು ಉದುರುವುದು ಆ ಕವರೇ. ಅದು ಉದುರಿದ ಕ್ಷಣ ಕೊಕ್ಕೆ ಗುಂಡಿ ಕಿತ್ತ ಅಂಗಿಯಂತೆ ತೆರೆದುಕೊಳ್ಳುತ್ತದೆ. ಬಾಲವನ್ನು 135 ಡಿಗ್ರಿಗೆ ಬಾಗಿಸಿ, ರಾಡಿನ ವ್ಯಾಸದ ಆರು ಪಟ್ಟು, ಕನಿಷ್ಠ 65 ಮಿಲಿಮೀಟರ್ ಉದ್ದಕ್ಕೆ ಕಂಬದ ಹೊಟ್ಟೆಯೊಳಗೆ ಇಳಿಸಿದರೆ, ಕವರ್ ಹೋದರೂ ಅದರ ಹಿಡಿತ ಹೋಗುವುದಿಲ್ಲ.

ಕಂಬ ತೊಲೆ ಕೂಡುವಲ್ಲಿ ರಿಂಗು ಬೇಕೇ? ನಮ್ಮ ಮೇಸ್ತ್ರಿ ಬೇಡ ಎನ್ನುತ್ತಾರೆ.

ಬೇಕೇ ಬೇಕು. ಕಂಬದ ತುದಿಯ ಹತ್ತಿರಹತ್ತಿರದ ರಿಂಗುಗಳು ಕೂಡುವಿನ ಒಳಗೂ ಮುಂದುವರಿಯಬೇಕು; ನಾಲ್ಕೂ ಕಡೆ ಸಾಕಷ್ಟು ಅಗಲದ ತೊಲೆಗಳು ಬಂದು ಅಪ್ಪಿಕೊಂಡಿದ್ದರೆ ಮಾತ್ರ ಸ್ವಲ್ಪ ರಿಯಾಯಿತಿ ಇದೆ.

ಕರಾವಳಿಯ ಒಂದು ಸೈಟಿನಲ್ಲಿ, ಮರುದಿನ ಸ್ಲ್ಯಾಬ್ ಹಾಕುವುದಿತ್ತು, ಸಂಜೆ ಹೊತ್ತು ನಾನು ಪರೀಕ್ಷೆಗೆ ಹೋಗಿದ್ದೆ. ಮೇಲಿನಿಂದ ನೋಡಿದರೆ ಎಲ್ಲ ಅಚ್ಚುಕಟ್ಟು, ಕವರ್ ಬ್ಲಾಕುಗಳೂ ಇದ್ದವು. ಮೂಲೆ ಕಂಬದ ಬಳಿ ಕುಳಿತು ಬೀಮಿನ ರಾಡುಗಳ ಸಂದಿಯಲ್ಲಿ ಕೈ ಇಳಿಸಿ ತಡವಿದಾಗ 450 ಮಿಲಿಮೀಟರ್ ಆಳದಲ್ಲಿ ಒಂದೇ ಒಂದು ರಿಂಗೂ ಕೈಗೆ ಸಿಗಲಿಲ್ಲ, ಕಂಬದ ರಾಡುಗಳು ನುಣ್ಣಗೆ ಮೇಲೆ ಹೋಗಿದ್ದವು. ವಿಜಯಪುರದ ಕಡೆಯ ಬಾರ್ ಬೆಂಡರ್ ಸಂಕೋಚವಿಲ್ಲದೆ ಹೇಳಿದ: “ಅಲ್ಲಿ ರಿಂಗ್ ಕೂಡೂದಿಲ್ರೀ ಸರ, ಬೀಮ್ ಮೊದಲ ಇಳಿಸೀವಿ.” ಅವನ ಮಾತು ಸುಳ್ಳಲ್ಲ. ಬೀಮಿನ ಪಂಜರವನ್ನು ಸೆಂಟ್ರಿಂಗಿನೊಳಗೆ ಇಳಿಸಿಬಿಟ್ಟ ಮೇಲೆ ಮುಚ್ಚಿದ ರಿಂಗನ್ನು ಅಲ್ಲಿ ತೊಡಿಸಲು ಯಾರಿಂದಲೂ ಸಾಧ್ಯವಿಲ್ಲ. ತಪ್ಪಿದ್ದು ಕೆಲಸದ ಅನುಕ್ರಮದಲ್ಲಿ, ಅದನ್ನು ಡ್ರಾಯಿಂಗಿನಲ್ಲಿ ಬರೆಯದ ನಮ್ಮಂಥವರಲ್ಲಿ. ಬೀಮಿನ ಪಂಜರವನ್ನು ಸೆಂಟ್ರಿಂಗಿನ ಮೇಲೆ ಅಡ್ಡಗಂಬಿಗಳ ಆಧಾರದಲ್ಲಿ ಎತ್ತರಿಸಿಟ್ಟು ಕಟ್ಟಬೇಕು, ಕೂಡುವಿನ ರಿಂಗುಗಳನ್ನು ಆಗಲೇ ಕಂಬದ ರಾಡುಗಳಿಗೆ ತೊಡಿಸಿಕೊಂಡು ಎಲ್ಲವನ್ನೂ ಒಟ್ಟಿಗೆ ಕೆಳಗಿಳಿಸಬೇಕು. ಮರುದಿನ ಕಾಂಕ್ರೀಟ್ ನಿಲ್ಲಿಸಿ, ಪಂಜರಗಳನ್ನು ಮೇಲೆತ್ತಿ ಹಾಗೆಯೇ ಮಾಡಿಸಿದೆವು, ಅರ್ಧ ದಿನ ಹಿಡಿಯಿತು. ಮುಂದಿನ ಮಹಡಿಗೆ ನಾನು ಹೋಗುವಷ್ಟರಲ್ಲಿ ಅದೇ ಬೆಂಡರ್ ಯಾರೂ ಹೇಳದೆಯೇ ಪಂಜರಗಳನ್ನು ಎತ್ತರದಲ್ಲಿಟ್ಟು ಕಟ್ಟುತ್ತಿದ್ದ.

ಗೋಡೆಯೊಳಗೆ ಮುಚ್ಚಿಹೋಗುವಂತೆ 9 ಇಂಚಿನ ಕಂಬ ಹಾಕಬಹುದೇ?

3ನೇ ವಲಯ ಮತ್ತು ಮೇಲಿನ ವಲಯಗಳಲ್ಲಿ ಚೌಕಟ್ಟಿನ ಕಂಬವಾಗಿ ಅದು ನಡೆಯದು. ಕಂಬದ ಕಿರಿಯ ಅಳತೆ ಕನಿಷ್ಠ 300 ಮಿಲಿಮೀಟರ್ ಇರಬೇಕು, ಜೊತೆಗೆ ಅದರೊಳಗೆ ಹಾದುಹೋಗುವ ಬೀಮಿನ ಅತಿ ದಪ್ಪ ರಾಡಿನ ವ್ಯಾಸದ 20 ಪಟ್ಟಿಗೆ ಕಡಿಮೆಯಾಗಬಾರದು. ಬೀಮಿನಲ್ಲಿ 16 ಮಿಲಿಮೀಟರಿನ ರಾಡಿದ್ದರೆ 320 ಆಯಿತು, ಸೈಟಿನ ಲೆಕ್ಕದಲ್ಲಿ 350. ಕಂಬ ತೆಳುವಾದರೆ ಬೀಮಿನ ರಾಡಿಗೆ ಹಿಡಿತ ಸಿಗದೆ ಅದು ಕೂಡುವಿನಲ್ಲಿ ಜಾರುತ್ತದೆ. ಮೂಲೆಯಲ್ಲಿ ಕಂಬ ಸ್ವಲ್ಪ ಚಾಚಿಕೊಂಡರೆ ಬೀರು ಇಡಲು ಬರುವುದಿಲ್ಲವೆಂಬ ದೂರು ನನಗೂ ಅರ್ಥವಾಗುತ್ತದೆ. ಆದರೂ ಈ ವಿಷಯದಲ್ಲಿ ನಾನು ಮಣಿಯುವುದಿಲ್ಲ.

ಕೆಳಗೆ ಪಾರ್ಕಿಂಗ್ ಬಿಟ್ಟು ಮೇಲೆ ಮನೆ ಕಟ್ಟುವುದು ತಪ್ಪೇ?

ತಪ್ಪಲ್ಲ, ಲೆಕ್ಕಕ್ಕೆ ತೆಗೆದುಕೊಳ್ಳದೆ ಕಟ್ಟುವುದು ತಪ್ಪು. ಇಟ್ಟಿಗೆಯದಾಗಲಿ ಸಾಲಿಡ್ ಬ್ಲಾಕಿನದಾಗಲಿ, ಗೋಡೆ ತುಂಬಿದ ಮಹಡಿ ಅಡ್ಡ ಬಲಕ್ಕೆ ಬಹಳ ಬಿಗುವಾಗಿರುತ್ತದೆ. ಕೆಳಗೆ ಬರೀ ಕಂಬಗಳಿದ್ದರೆ ಮೇಲಿನ ಮೂರು ಮಹಡಿಗಳು ಒಂದೇ ಪೆಟ್ಟಿಗೆಯಂತೆ ಒಟ್ಟಿಗೆ ಚಲಿಸುತ್ತವೆ, ಇಡೀ ಕಟ್ಟಡದ ಓಲಾಟವೆಲ್ಲ ಆ ಒಂದು ಮಹಡಿಯ ಕಂಬಗಳ ತಲೆ ಮತ್ತು ಬುಡದ ಮೇಲೆ ಬಂದು ಬೀಳುತ್ತದೆ. ಕಂಪ್ಯೂಟರ್ ಮಾದರಿಯಲ್ಲಿ ಗೋಡೆಗಳನ್ನು ಬರೀ ಭಾರವೆಂದು ತುಂಬಿಸಿ ಅವುಗಳ ಬಿಗುವನ್ನು ಬಿಟ್ಟರೆ ಈ ದೌರ್ಬಲ್ಯ ಪರದೆಯ ಮೇಲೆ ಕಾಣುವುದೇ ಇಲ್ಲ. 2002ರ ಸಂಹಿತೆ ಅಂಥ ಮಹಡಿಯ ಕಂಬ ತೊಲೆಗಳನ್ನು ಎರಡೂವರೆ ಪಟ್ಟು ಬಲಕ್ಕೆ ವಿನ್ಯಾಸ ಮಾಡಲು ಹೇಳಿತ್ತು. 2016ರದು ಕಾಂಕ್ರೀಟ್ ಗೋಡೆ ಅಥವಾ ಕಂಬಗಳ ನಡುವೆ ಓರೆಯಾಗಿ ಕಟ್ಟುವ ಬಿಗಿಪುಗಳನ್ನು ಕೊಡಲು ಹೇಳುತ್ತದೆ. ಎರಡನೆಯದೇ ಮೇಲು. ಅಡಿಪಾಯದಿಂದ ತಾರಸಿಯವರೆಗೆ ನಿಲ್ಲುವ ಕಾಂಕ್ರೀಟ್ ಗೋಡೆಗಳನ್ನು ಎರಡೂ ದಿಕ್ಕಿನಲ್ಲಿ, ಸಾಧ್ಯವಾದಷ್ಟು ಹೊರ ಅಂಚಿನ ಕಡೆಗೆ, ಎಡಬಲ ಸಮನಾಗಿ ಇಟ್ಟರೆ ಕಾರುಗಳಿಗೂ ಜಾಗ ಉಳಿಯುತ್ತದೆ.

ಕಟ್ಟಡದ ಆಕಾರ ಹೇಗಿದ್ದರೆ ಒಳ್ಳೆಯದು?

ಚೌಕ ಅಥವಾ ಆಯತ, ಎರಡೂ ಬದಿ ಸಮತೂಕ, ಕಂಬಗಳು ಬುಡದಿಂದ ತುದಿಯವರೆಗೆ ಒಂದೇ ಗೆರೆಯಲ್ಲಿ. ಲಿಫ್ಟು ಮೆಟ್ಟಿಲುಗಳ ಗೋಡೆಯೆಲ್ಲ ಒಂದೇ ಮೂಲೆಯಲ್ಲಿದ್ದರೆ ಕಟ್ಟಡ ತಿರುಚಿಕೊಳ್ಳುತ್ತದೆ, ಎದುರು ಮೂಲೆಯ ಕಂಬಗಳು ಅದಕ್ಕೆ ಬೆಲೆ ತೆರುತ್ತವೆ. ತೇಲುವ ಕಂಬ ಬೇಡವೇ ಬೇಡ.

ಗಿಡ್ಡ ಕಂಬ ಅಪಾಯಕಾರಿ ಎಂದು ಕೇಳಿದ್ದೇವೆ, ಹೇಗೆ?

ಶಾಲಾ ಕೊಠಡಿಯ ಕಿಟಕಿಯ ಕೆಳಗೆ ಅರ್ಧ ಎತ್ತರದವರೆಗೆ ಗೋಡೆಯನ್ನು ಕಂಬಕ್ಕೆ ಅಂಟಿಸಿ ಕಟ್ಟಿದರೆ, ಮೂರು ಮೀಟರಿನ ಕಂಬಕ್ಕೆ ಅಲುಗಾಡಲು ಉಳಿಯುವುದು ಕಿಟಕಿಯ ಎತ್ತರ ಮಾತ್ರ. ಬಿಗುವು ಎತ್ತರದ ಘನಕ್ಕೆ ವಿಲೋಮವಾಗಿರುವುದರಿಂದ ಅರ್ಧವಾದ ಕಂಬ ಎಂಟು ಪಟ್ಟು ಬಿಗುವಾಗುತ್ತದೆ, ಅಷ್ಟೇ ಹೆಚ್ಚು ಬಲವನ್ನು ತನ್ನ ಕಡೆಗೆ ಎಳೆದುಕೊಂಡು ಓರೆಯಾಗಿ ಸೀಳುತ್ತದೆ. ಇಳಿಜಾರು ನಿವೇಶನಗಳಲ್ಲಿ, ಮಡಿಕೇರಿಯಂಥ ಊರುಗಳಲ್ಲಿ, ಮೇಲ್ಬದಿಯ ಕಂಬಗಳು ಗಿಡ್ಡವಾಗಿ ಇದೇ ತೊಂದರೆಗೆ ಒಳಗಾಗುತ್ತವೆ. ಗೋಡೆ ಮತ್ತು ಕಂಬದ ನಡುವೆ ಸಂದಿ ಬಿಡುವುದು ಒಂದು ಪರಿಹಾರ. ಅದು ಆಗದಿದ್ದರೆ ಕಂಬದ ಪೂರ್ತಿ ಎತ್ತರಕ್ಕೂ ಒತ್ತಾದ ರಿಂಗುಗಳು ಬೇಕು.

ಮಣ್ಣಿನ ಪಾತ್ರವೇನು?

1985ರ ಸೆಪ್ಟೆಂಬರ್ 19ರಂದು ಪೆಸಿಫಿಕ್ ತೀರದಲ್ಲಿ ಆದ 8.0 ಪ್ರಮಾಣದ ಭೂಕಂಪ 350 ಕಿಲೋಮೀಟರಿಗೂ ದೂರದ ಮೆಕ್ಸಿಕೋ ನಗರವನ್ನು ಹಾಳುಗೆಡವಿತು. ಆ ನಗರದ ಒಂದು ಭಾಗ ಹಳೆಯ ಕೆರೆಯಂಗಳದ ಮೆದು ಜೇಡಿಯ ಮೇಲಿದೆ. ಆ ಜೇಡಿ ಸುಮಾರು ಎರಡು ಸೆಕೆಂಡಿಗೊಮ್ಮೆ ತೂಗುವ ಲಯದಲ್ಲಿ ಕಂಪನವನ್ನು ಹಿಗ್ಗಿಸಿತು. ಆ ಲಯಕ್ಕೆ ತಾಳ ಸೇರಿದ ಆರರಿಂದ ಹದಿನೈದು ಮಹಡಿಯ ಕಟ್ಟಡಗಳು ಹೆಚ್ಚು ಬಿದ್ದವು, ತೀರ ಗಿಡ್ಡ ಕಟ್ಟಡಗಳು ಹೆಚ್ಚಾಗಿ ಉಳಿದುಕೊಂಡವು. ನಮ್ಮ ಊರುಗಳಲ್ಲೂ ಕೆರೆ ಮುಚ್ಚಿ ಮಾಡಿದ ಬಡಾವಣೆಗಳಿವೆ. ಪಕ್ಕದ ಸೈಟಿನವರ ಮಣ್ಣು ಪರೀಕ್ಷೆಯ ವರದಿಯನ್ನು ನಕಲು ಮಾಡಿ ಕೆಲಸ ಸಾಗಿಸುವವರಿಗೆ ಇದು ಗೊತ್ತಿರಬೇಕು.

ಇದೆಲ್ಲಕ್ಕೂ ಖರ್ಚು ಎಷ್ಟು ಹೆಚ್ಚುತ್ತದೆ?

ಮೇಲಿನ ಮಂಗಳೂರಿನ ಕಟ್ಟಡದಲ್ಲೇ ಲೆಕ್ಕ ಹಾಕಿ ನೋಡಿದೆ. 350ಕ್ಕೆ 450 ಮಿಲಿಮೀಟರಿನ 12 ಕಂಬಗಳು, ನಾಲ್ಕು ಹಂತ, ಒಟ್ಟು 48 ಕಂಬದ ತುಂಡುಗಳು. ಹಳೆಯ ಪದ್ಧತಿಯಲ್ಲಿ 150 ಮಿಲಿಮೀಟರಿಗೊಂದರಂತೆ ಒಂದು ತುಂಡಿಗೆ 17 ರಿಂಗು, ಹೊಸ ಪದ್ಧತಿಯಲ್ಲಿ ಕೂಡುವಿನ ರಿಂಗುಗಳನ್ನೂ ಸೇರಿಸಿ 29. ಹೆಚ್ಚುವರಿ 12 ರಿಂಗುಗಳು ಎಂಟು ಮಿಲಿಮೀಟರಿನ ರಾಡಿನವಾದರೆ ಒಂದೊಂದೂ ಅರ್ಧ ಕಿಲೋಗಿಂತ ಚೂರು ಹೆಚ್ಚು; ಒಟ್ಟು 330 ಕಿಲೋ ಆಸುಪಾಸು. ಕಂಬದ ನಡುವಿನ ಅಡ್ಡಕೊಂಡಿಗಳು, ಬೀಮಿನ ತುದಿಯ ಹೆಚ್ಚುವರಿ ರಿಂಗುಗಳು ಎಲ್ಲ ಸೇರಿದರೆ ಒಂದು ಟನ್ನಿಗಿಂತ ಸ್ವಲ್ಪ ಹೆಚ್ಚಾಗಬಹುದು. ಇಂಥ ಕಟ್ಟಡಕ್ಕೆ ಒಟ್ಟು ಬೇಕಾಗುವ ಕಬ್ಬಿಣ ಹೇಗೂ 20 ಟನ್ ದಾಟುತ್ತದೆ. ಅಡುಗೆಮನೆಯ ಕಲ್ಲು ಬದಲಿಸಿದರೆ ಇದಕ್ಕಿಂತ ಹೆಚ್ಚು ಖರ್ಚಾಗುತ್ತದೆ. ನಿಜವಾಗಿ ಹೆಚ್ಚುವುದು ಬಾರ್ ಬೆಂಡರನ ಕೈಕೆಲಸದ ಸಮಯ, ಅದಕ್ಕೆ ತಕ್ಕ ಕೂಲಿ ಕೊಡದೆ ಕೆಲಸ ಕೇಳಬಾರದು.

ನಮ್ಮ ಮನೆ ಈಗಾಗಲೇ ಕಟ್ಟಿ ಹದಿನೈದು ವರ್ಷವಾಗಿದೆ, ಒಳಗೆ ಏನಿದೆಯೋ ಗೊತ್ತಿಲ್ಲ. ಮೇಲೆ ಇನ್ನೊಂದು ಮಹಡಿ ಕಟ್ಟಬಹುದೇ?

ಹಳೆಯ ಡ್ರಾಯಿಂಗ್ ಮತ್ತು ಕಟ್ಟುವಾಗ ತೆಗೆದ ಫೋಟೋಗಳನ್ನು ಮೊದಲು ಹುಡುಕಿ, ಫೋಟೋದಲ್ಲಿ ಎಷ್ಟೋ ಸಲ ರಿಂಗುಗಳ ಅಂತರ ಎಣಿಸಲು ಸಿಗುತ್ತದೆ. ಬಳಿಕ ರಾಡು ಪತ್ತೆಹಚ್ಚುವ ಉಪಕರಣದಿಂದ ಕೆಲವು ಕಂಬಗಳನ್ನು ಪರೀಕ್ಷಿಸಿ, ಒಂದೆರಡು ಕಡೆ ಕವರ್ ಒಡೆದು ಕೊಕ್ಕೆ ಯಾವ ಕೋನದಲ್ಲಿದೆ ಎಂದು ಕಣ್ಣಾರೆ ನೋಡಬೇಕು. ಇರುವ ಆರ್‌ಸಿಸಿ ಕಟ್ಟಡಗಳ ಮೌಲ್ಯಮಾಪನ ಮತ್ತು ಬಲವರ್ಧನೆಗೆಂದೇ 2013ರಲ್ಲಿ ಐಎಸ್ 15988 ಬಂದಿದೆ. ಬಲ ಸಾಲದಿದ್ದರೆ ಪಾರ್ಕಿಂಗ್ ಮಹಡಿಯಲ್ಲಿ ಕಾಂಕ್ರೀಟ್ ಗೋಡೆ ಸೇರಿಸುವುದು, ಉಕ್ಕಿನ ಓರೆ ಬಿಗಿಪು ಕೊಡುವುದು, ಕಂಬದ ಸುತ್ತ ಹೊಸ ರಾಡು ಮತ್ತು ರಿಂಗು ಕಟ್ಟಿ ಕಾಂಕ್ರೀಟಿನ ಹೊದಿಕೆ ಹಾಕುವುದು, ಇವು ರೂಢಿಯಲ್ಲಿರುವ ದಾರಿಗಳು. ಒಂದು ಕಂಬಕ್ಕೆ ಮಾತ್ರ ಹೊದಿಕೆ ಹಾಕಿ ಉಳಿದವನ್ನು ಬಿಟ್ಟರೆ ಬಲವೆಲ್ಲ ಅದರ ಕಡೆಗೇ ಹರಿದು ಹೊಸ ತೊಂದರೆ ಹುಟ್ಟುತ್ತದೆ.

ಇನ್ನು ಮಹಡಿಯ ಮಾತು. ಹೊಸ ಮಹಡಿಯ ಭಾರ ಕಟ್ಟಡದ ಅತಿ ಎತ್ತರದಲ್ಲಿ ಸೇರುತ್ತದೆ. ಭೂಕಂಪದ ಬಲವನ್ನು ಮಹಡಿಗಳಿಗೆ ಹಂಚುವಾಗ ಎತ್ತರದ ವರ್ಗವನ್ನು ತೆಗೆದುಕೊಳ್ಳುವುದರಿಂದ ಆ ಒಂದು ಮಹಡಿ ತನ್ನ ತೂಕದ ಪಾಲಿಗಿಂತ ಬಹಳ ಹೆಚ್ಚು ಬಲವನ್ನು ತರುತ್ತದೆ. ತಾರಸಿಯ ಮೇಲೆ ಚಾಚಿಕೊಂಡಿರುವ ತುಕ್ಕು ಹಿಡಿದ ಸ್ಟಾರ್ಟರ್ ರಾಡುಗಳನ್ನು ತೋರಿಸಿ ‘ಮುಂದಕ್ಕೆಂದು ಆಗಲೇ ಬಿಟ್ಟಿದ್ದೇವೆ’ ಎನ್ನುವವರು ಬಹಳ ಮಂದಿ. ಆ ರಾಡುಗಳು ಕಟ್ಟಿದವರ ಆಸೆಯನ್ನು ಹೇಳುತ್ತವೆ. ಕೆಳಗಿನ ಕಂಬಗಳ ಶಕ್ತಿಯನ್ನು ಹೇಳುವುದಿಲ್ಲ. ಪರೀಕ್ಷೆಯ ಫಲಿತಾಂಶ ಕೈಸೇರುವವರೆಗೆ ಅಲ್ಲಿ ತಗಡಿನ ಚಾವಣಿಗಿಂತ ಭಾರವಾದದ್ದೇನನ್ನೂ ಹಾಕಿಸಬೇಡಿ.